ಸಾಹೇಬರ ಫಿಶ್ ಟ್ಯಾಂಕು

ತುಮಕೂರಿನ ಗುಬ್ಬಿ ಗೇಟ್ ಬಳಿಯ ಆ ಬಾಡಿಗೆ ಮಹಡಿ ಮನೆಗೆ ಮೀನುಗಳು ಬಂದದ್ದು ದೀಪಾವಳಿ ಕಳೆದ ಮೂರನೆಯ ಭಾನುವಾರ, ಲಗೇಜ್ ಆಟೊದಲ್ಲಿ. ಗಾಜಿನ ತೊಟ್ಟಿಯನ್ನು ಹಳೆಯ ಹಾಸಿಗೆಯಲ್ಲಿ ಸುತ್ತಿ ಇಬ್ಬರು ಹೊತ್ತು ತಂದರು. ಮೀನುಗಳು ಮಾತ್ರ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಚನ್ನೇಶನ ತೊಡೆಯ ಮೇಲೆ ಕೂತು ಬಂದವು. ಮೆಟ್ಟಿಲು ಹತ್ತುವಾಗ ಅವನು ಆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಪರಿ ನೋಡಿ ಹೆಂಡತಿ ಅನುಪಮಾಳಿಗೆ ನಗು ಬಂತು. ಮದುವೆಯಾದ ಮೂರು ವರ್ಷದಲ್ಲಿ ಗಂಡ ಯಾವುದನ್ನೂ ಅಷ್ಟು ಜೋಪಾನವಾಗಿ ಹಿಡಿದದ್ದನ್ನು ಅವಳು ಕಂಡಿರಲಿಲ್ಲ.

ನಕ್ಕವಳು ಅವಳೊಬ್ಬಳೇ. ಅತ್ತೆ ಸರ್ವಮಂಗಳಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವರು ಅಲ್ಲಿಂದಲೇ ದನಿ ಎತ್ತಿದರು.

“ಲಿಂಗಪೂಜೆ ಮಾಡೋ ಮನೆಗೆ ಮೀನು ತಂದಿದೀಯಲ್ಲೋ, ಬುದ್ಧಿ ಎಲ್ಲಿಟ್ಟಿದೀಯ?”

“ತಿನ್ನಕ್ಕಲ್ಲಮ್ಮ, ನೋಡಕ್ಕೆ.”

“ನೋಡಕ್ಕೆ ಟಿ.ವಿ. ಇಲ್ವೇನೋ?”

“ರಂಗನಾಥ್ ಸಾಹೇಬ್ರದ್ದು ಕಣಮ್ಮ. ಪುಣೆಗೆ ಟ್ರಾನ್ಸ್‌ಫರ್ ಆಗೈತೆ. ಮೂರು ತಿಂಗ್ಳು ನೋಡ್ಕೊಳ್ಳಿ ಚನ್ನೇಶ್, ಬಂದು ತಗೊಂಡ್ ಹೋಗ್ತೀನಿ ಅಂದ್ರು. ಆಗಲ್ಲ ಅನ್ನಕ್ಕಾಗುತ್ತಾ?”

ಆಗಲ್ಲ ಅನ್ನುವ ಹಾಗಿರಲಿಲ್ಲ, ಅದು ನಿಜವೇ. ಹಿರೇಹಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಚನ್ನೇಶ ನಾಲ್ಕು ವರ್ಷದಿಂದ ಟೆಂಪರರಿ. ಅವನನ್ನು ಪರ್ಮನೆಂಟ್ ಮಾಡುವ ಫೈಲು ಮ್ಯಾನೇಜರ್ ರಂಗನಾಥ್ ಅವರ ಮೇಜಿನ ಮೇಲೆ ಇದೆ ಎಂಬ ಮಾತೂ ನಾಲ್ಕು ವರ್ಷದಿಂದ ಇತ್ತು. ಅಂಥವರು ಮೀನಲ್ಲ, ಮೊಸಳೆ ಕೊಟ್ಟಿದ್ದರೂ ಚನ್ನೇಶ ತೊಡೆಯ ಮೇಲೆ ಕೂರಿಸಿಕೊಂಡೇ ಬರುತ್ತಿದ್ದ. ಹೋಗುವಾಗ ಸಾಹೇಬರು ಪುಣೆಯಿಂದಲೇ ಒಂದು ಮಾತು ಹೇಳಿಸುತ್ತೇನೆ ಎಂದಿದ್ದರಂತೆ.

ಪರ್ಮನೆಂಟ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಸರ್ವಮಂಗಳಮ್ಮನ ಸೌಟು ಕೆಳಗಿಳಿಯಿತು. ಟ್ಯಾಂಕು ಹಾಲಿನಲ್ಲಿ, ಕಿಟಕಿ ಪಕ್ಕ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತು. ಒಳಗೆ ಏಳು ಗೋಲ್ಡ್‌ಫಿಶ್: ಕಿತ್ತಳೆ ಬಣ್ಣದವು ಐದು, ಬಿಳಿಯವು ಎರಡು. ಮಾವ ಅಡವಿಯಪ್ಪ, ಕೆ.ಇ.ಬಿ.ಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು, ತಮ್ಮ ಬೆತ್ತದ ಕುರ್ಚಿಯನ್ನು ಟಿ.ವಿ. ಕಡೆಯಿಂದ ಟ್ಯಾಂಕಿನ ಕಡೆಗೆ ತಿರುಗಿಸಿಕೊಂಡರು.

ವಾರಕ್ಕೊಂದು ಸಲ ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕಬೇಕು, ಕಾಲು ಭಾಗ ಮಾತ್ರ, ಪೂರ್ತಿ ಅಲ್ಲ ಎಂದು ಸಾಹೇಬರು ಹೇಳಿದ್ದರು. ಮುಂದಿನ ಭಾನುವಾರ ಚನ್ನೇಶ ಲುಂಗಿ ಎತ್ತಿ ಕಟ್ಟಿ, ಪೈಪಿನ ಒಂದು ತುದಿಯನ್ನು ಟ್ಯಾಂಕಿಗೆ ಬಿಟ್ಟು, ಇನ್ನೊಂದು ತುದಿಯನ್ನು ಬಾಯಿಗಿಟ್ಟು ಸೀಪಿದ. ನೀರು ನೇರ ಗಂಟಲಿಗೇ ಇಳಿಯಿತು. ಥೂ ಎಂದು ಉಗಿದ, ಪೈಪು ಕೈ ಜಾರಿತು, ಸೋಫಾದ ಕಾಲುಗಳೆಲ್ಲ ನೆನೆದವು.

“ಮೀನಿನ್ ನೀರು ಕುಡಿದ್ಬಿಟ್ಟೆಯಲ್ಲೋ!” ಎಂದು ಸರ್ವಮಂಗಳಮ್ಮ ಕೂಗಿದ್ದು ಕೆಳಗಿನ ಮನೆಗೂ ಕೇಳಿತು. ಉಪ್ಪು ನೀರಲ್ಲಿ ಬಾಯಿ ಮುಕ್ಕಳಿಸಿ, ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡ ಮೇಲೆಯೇ ಚನ್ನೇಶನಿಗೆ ತಿಂಡಿ ಸಿಕ್ಕಿದ್ದು. ಆವತ್ತು ನೆಲ ಒರೆಸಿದವಳು ಅನುಪಮಾ. ಮುಂದಿನ ವಾರದಿಂದ ಪೈಪು ಹಿಡಿದವಳೂ ಅವಳೇ. ಹೀಗೆ ಮಾಡು ಎಂದು ಯಾರೂ ಹೇಳಲಿಲ್ಲ, ಯಾರೂ ಹೇಳದೆ ಅವಳ ಪಾಲಿಗೆ ಬಂದ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೆ.

ಅತ್ತೆಯ ಕಟ್ಟಳೆಗಳು ಮಾತ್ರ ಕೂಡಲೇ ಹೊರಬಿದ್ದವು. ಮೀನಿನ ನೀರು ಬಚ್ಚಲಿಗೆ ಹೋಗಕೂಡದು, ಅಲ್ಲಿ ಮಾವ ಪೂಜೆಗೆ ಸ್ನಾನ ಮಾಡುತ್ತಾರೆ. ಅಡುಗೆಮನೆಯ ಸಿಂಕಿನ ಮಾತೇ ಇಲ್ಲ. ಬಾಲ್ಕನಿಯಲ್ಲಿ ಬಿಲ್ವದ ಕುಂಡ ಇದೆ, ಅಲ್ಲಿ ಬೇಡ. ಪೈಪಿಗೆ ಯಾರೂ ಬಾಯಿ ಹಾಕಕೂಡದು. ಮೀನಿನ ಬಕೆಟ್ಟು ಬೇರೆ, ಮಗ್ಗು ಬೇರೆ, ಒರೆಸುವ ಬಟ್ಟೆ ಬೇರೆ. ಅವುಗಳನ್ನು ಮುಟ್ಟಿದ ಕೈ ತೊಳೆಯದೆ ಅಡುಗೆಮನೆಯ ಹೊಸಿಲು ದಾಟುವ ಹಾಗಿಲ್ಲ. ಇನ್ನು ಉಳಿದದ್ದು ಮೆಟ್ಟಿಲಿಳಿದು ಹೋಗಿ ಕೆಳಗಿನ ಕಾಂಪೌಂಡಿನ ತೆಂಗಿನ ಮರದ ಪಾತಿಗೆ ಸುರಿಯುವುದೊಂದೇ.

ಇಷ್ಟು ಬೇಲಿಗಳ ನಡುವೆ ಅನುಪಮಾ ತನ್ನದೇ ಒಂದು ವಿಧಾನ ಕಂಡುಕೊಂಡಳು. ನಗರಸಭೆಯ ನೀರು ಬರುತ್ತಿದ್ದದ್ದು ಮಂಗಳವಾರ ಮತ್ತು ಶನಿವಾರ. ಶನಿವಾರ ಹಿಡಿದ ನೀರನ್ನು ಮುಚ್ಚಳ ಹಾಕದ ಡ್ರಮ್ಮಿನಲ್ಲಿ ಒಂದು ದಿನ ಇಟ್ಟರೆ ಬ್ಲೀಚಿಂಗ್ ಪೌಡರಿನ ವಾಸನೆ ಹೋಗುತ್ತಿತ್ತು. ಭಾನುವಾರ ಬೆಳಿಗ್ಗೆ ಮೊದಲು ಟ್ಯಾಂಕಿಗೆ ಗಾಳಿ ಬಿಡುವ ಮೋಟರಿನ ಪ್ಲಗ್ಗು ಕೀಳುವುದು, ಸ್ಟ್ಯಾಂಡಿನ ಬುಡಕ್ಕೆ ಗೋಣಿಚೀಲ ಹಾಸುವುದು. ಬಾಯಿಗೆ ಇಡುವಂತಿಲ್ಲವಲ್ಲ, ಅದಕ್ಕೆ ಪೈಪನ್ನು ಸುರುಳಿ ಸುತ್ತಿ ಪೂರ್ತಿ ಟ್ಯಾಂಕಿನೊಳಗೇ ಮುಳುಗಿಸಿ ನೀರು ತುಂಬಿಸುವಳು. ಒಂದು ತುದಿಗೆ ಹೆಬ್ಬೆರಳು ಒತ್ತಿ ಅದನ್ನಷ್ಟೇ ಹೊರಗೆ ತಂದು ಬಕೆಟ್ಟಿಗೆ ಇಳಿಬಿಟ್ಟು ಬೆರಳು ತೆಗೆದರೆ ಸಾಕು, ನೀರು ತಾನಾಗಿ ಹರಿಯುತ್ತಿತ್ತು. ಬಕೆಟ್ಟು ಮುಕ್ಕಾಲಾಗುತ್ತಲೇ ಮತ್ತೆ ಹೆಬ್ಬೆರಳು. ತವರಾದ ಕಡಬದಲ್ಲಿ ಬಾವಿಯಿಂದ ಬಿಂದಿಗೆ ಹೊತ್ತು ಬೆಳೆದವಳು ಅವಳು. ನೀರಿನ ಮೇಲೆ ಎರಡು ಹೊಂಗೆ ಎಲೆ ಬಿಟ್ಟರೆ ನಡೆಯುವಾಗ ತುಳುಕುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಲ್ಲೂ ಹಾಗೇ ಮಾಡಿದಳು. ಗಾಜಿನ ಮೇಲೆ ಉಗುರುಬಣ್ಣದ ಒಂದು ಗೆರೆ ಎಳೆದಿದ್ದಳು. ನೀರು ಗೆರೆಗೆ ಇಳಿದರೆ ಕಾಲು ಭಾಗ ಆದಂತೆ, ಅದು ನಾಲ್ಕು ಬಕೆಟ್ಟು. ಹೊಸ ನೀರನ್ನು ತೂತಿನ ತಟ್ಟೆಯ ಮೇಲೆ ಮೆಲ್ಲಗೆ ಸುರಿದರೆ ತಳದ ಕಲ್ಲು ಕದಲುತ್ತಿರಲಿಲ್ಲ, ನೀರು ಕದಡುತ್ತಿರಲಿಲ್ಲ. ಮೂರನೆಯ ವಾರದ ಹೊತ್ತಿಗೆ ನೆಲದ ಮೇಲೆ ಒಂದು ಹನಿಯೂ ಬೀಳದಂತಾಯಿತು.

ಮೊದಮೊದಲು ಅವಳಿಗೆ ಅದು ಖುಷಿಯನ್ನೇ ಕೊಟ್ಟಿತು. “ನೋಡ್ರೀ, ಗೋಣಿಚೀಲ ಒಣಗೇ ಇದೆ” ಎಂದು ಗಂಡನಿಗೆ ತೋರಿಸಿದಳು. ಪಾಪದ ಹುಡುಗಿ, ತನ್ನ ಕಾಲಿಗೆ ತಾನೇ ಹಗ್ಗ ಹೊಸೆಯುತ್ತಿದ್ದೇನೆಂದು ಅವಳಿಗೆ ಆಗ ಹೊಳೆಯಲಿಲ್ಲ.

ಜನವರಿಯಲ್ಲಿ ಯಶಸ್ವಿನಿಯ ಫೋನ್ ಬಂತು. ಟಿ.ಸಿ.ಎಚ್. ಓದುವಾಗ ಇಬ್ಬರೂ ಒಂದೇ ಬೆಂಚು. ಅವಳೀಗ ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರು.

“ಜೂನಿಂದ ಒಂದನೇ ಕ್ಲಾಸಿಗೆ ಒಬ್ರು ಬೇಕು ಕಣೇ. ನಿನ್ನ ಹೆಸ್ರು ಹೇಳಿದೀನಿ. ಮನೇಲಿ ಕೂತು ಎಷ್ಟ್ ವರ್ಷ ಆಯ್ತು ನೀನು?”

“ಮೂರು.”

“ಸಾಕಾಗ್ಲಿಲ್ವಾ?”

ಸಾಕಾಗಿತ್ತು. ಮನೆಯ ಕಿಟಕಿಯಿಂದ ಕಾಣುವ ರಸ್ತೆಯಲ್ಲೇ ಗುಬ್ಬಿ ಬಸ್ಸುಗಳು ಹೋಗುತ್ತಿದ್ದವು. ದಿನಕ್ಕೆ ಇಪ್ಪತ್ತು ಸಲ ಕಂಡಕ್ಟರುಗಳು ಗುಬ್ಬಿ, ಗುಬ್ಬಿ ಎಂದು ಕೂಗುವುದು ಸಾರಿನ ಒಗ್ಗರಣೆಯ ಸದ್ದಿನ ನಡುವೆಯೂ ಕೇಳುತ್ತಿತ್ತು. ಟಿ.ಸಿ.ಎಚ್. ಸರ್ಟಿಫಿಕೇಟು ಬೀರುವಿನಲ್ಲಿ ಮದುವೆ ಸೀರೆಯ ಕೆಳಗೆ ಮಲಗಿತ್ತು. ಅವತ್ತು ರಾತ್ರಿ ಊಟಕ್ಕೆ ಮುದ್ದೆ ಬಡಿಸುತ್ತಾ ಅವಳು ಮಾತು ತೆಗೆದಳು.

“ಮಾವ, ನಾನು ಗುಬ್ಬೀಲಿ ಕೆಲಸಕ್ಕೆ ಸೇರ್ಬೇಕು ಅಂತಿದೀನಿ.”

ಅಡವಿಯಪ್ಪ ಮುದ್ದೆ ಮುರಿಯುತ್ತಾ ಹೆಂಡತಿಯ ಮುಖ ನೋಡಿದರು. ಅವರು ಯಾವ ಪ್ರಶ್ನೆಗಾದರೂ ಉತ್ತರವನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತಿದ್ದದ್ದು. ಇದೇ ಮಾತು ಹಿಂದೆ ಎದ್ದಾಗ, ಮೊದಲು ಒಂದು ಕೂಸಾಗಲಿ ಎಂದು ಸರ್ವಮಂಗಳಮ್ಮ ಬಾಗಿಲು ಹಾಕಿದ್ದರು. ಈ ಸಲ ಅವರಿಗೆ ಅದಕ್ಕಿಂತ ಗಟ್ಟಿ ಬಾಗಿಲು ಸಿಕ್ಕಿತು.

“ಹೋಗವ್ವ, ಬ್ಯಾಡ ಅಂದೋರ್ಯಾರು? ಆದ್ರೆ ಆ ಮೀನುಗಳ ಗತಿ? ಹೊತ್ತಿಗೆ ಕಾಳು ಹಾಕೋರ್ಯಾರು, ನೀರು ನೋಡೋರ್ಯಾರು? ಹೆಚ್ಚು ಕಮ್ಮಿಯಾದ್ರೆ ನಿನ್ ಗಂಡನ ಕೆಲಸಕ್ಕೇ ಸಂಚಕಾರ.”

“ನೀರು ಭಾನುವಾರ ತಾನೆ ಅತ್ತೆ ಬದಲಾಯ್ಸೋದು?”

“ಭಾನುವಾರವೂ ಸ್ಕೂಲಿನ ಕೆಲಸ, ಟ್ರೇನಿಂಗು, ಅದೂ ಇದೂ ಅಂತ ಇರ್ತೈತೆ. ನಾ ಕಾಣೆನೇ?”

ಚನ್ನೇಶ ಸಂಧಾನಕ್ಕೆ ಬಂದ. “ಇನ್ನೊಂದ್ ತಿಂಗ್ಳು ಅಲ್ವಾ ಅನು. ಸಾಹೇಬ್ರು ಬಂದು ಟ್ಯಾಂಕ್ ತಗೊಂಡ್ ಹೋಗ್ಲಿ. ಅವತ್ತಿಂದಾನೇ ನೀನು ಕೆಲಸಕ್ಕೆ ಹೋಗು. ನಂದೇನೂ ಅಡ್ಡಿ ಇಲ್ಲ.”

“ನಂದೂ ಇಲ್ಲ” ಅಂದರು ಸರ್ವಮಂಗಳಮ್ಮ. ಅಡವಿಯಪ್ಪನೂ ತಲೆಯಾಡಿಸಿದರು. ಮೂವರದೂ ಒಂದೇ ಮಾತಾದ್ದಕ್ಕೆ ಅನುಪಮಾ ಅದನ್ನು ನಂಬಿದಳು. ಟ್ಯಾಂಕು ಹೋದರೆ ತಾನೂ ಹೋಗಬಹುದು ಎಂದು ಲೆಕ್ಕ ಹಾಕಿಕೊಂಡು ಆ ರಾತ್ರಿ ನೆಮ್ಮದಿಯಾಗಿ ಮಲಗಿದಳು.

ಮೂರು ತಿಂಗಳು ಮುಗಿಯಿತು. ಸಾಹೇಬರು ಬರಲಿಲ್ಲ. ಚನ್ನೇಶ ಪುಣೆಗೆ ಎರಡು ಸಲ ಎಸ್.ಟಿ.ಡಿ. ಮಾಡಿದ, ಎರಡು ಸಲವೂ ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಸಿಕ್ಕಿತು. ಫೆಬ್ರವರಿಯಲ್ಲಿ ಕುಣಿಗಲ್ಲಿನಲ್ಲಿ ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ ಬಂತು. ಮೂರು ದಿನದ ಹಬ್ಬ ಅದು. ಅನುಪಮಾ ತನ್ನ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿಟ್ಟಿದ್ದಳು.

“ನೀನೂ ಬಂದ್ಬಿಟ್ರೆ ಮೀನಿಗೆ ಯಾರವ್ವ?” ಎಂದರು ಸರ್ವಮಂಗಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಒಲೆ ಆರಿಸಿದೆಯಾ ಎಂದು ಕೇಳುವ ದನಿಯೇ ಇತ್ತು. “ಕಜ್ಜಾಯ ತರ್ತೀನಿ ಬುಡು.”

ಮೂವರೂ ಹೋದರು. ಮೂರು ದಿನ ಅನುಪಮಾ ತನಗೊಬ್ಬಳಿಗೆ ಅನ್ನ ಮಾಡಿಕೊಂಡು, ಟ್ಯಾಂಕಿನ ಎದುರು ಕೂತು ಉಂಡಳು. ಮೀನುಗಳು ಆ ತುದಿಯಿಂದ ಈ ತುದಿಗೆ ಬಂದು, ಗಾಜಿಗೆ ಮೂತಿ ತಾಗಿಸಿ, ತಿರುಗಿ ಹೋಗುತ್ತಿದ್ದವು. ಅವುಗಳ ಮೇಲೆ ಅವಳಿಗೆ ದ್ವೇಷವೇನೂ ಹುಟ್ಟಲಿಲ್ಲ. ನಿಮಗಾದರೂ ಕೂತಲ್ಲಿಗೆ ಊಟ ಬರುತ್ತದೆ ಎಂದು ಜೋರಾಗಿಯೇ ಹೇಳಿ, ತಟ್ಟೆ ಎತ್ತಿಕೊಂಡು ಎದ್ದಳು.

ಅಷ್ಟರಲ್ಲಿ ಕೆಳಗಡೆ ವಾಸವಿದ್ದ ಬಾಡಿಗೆ ಮನೆಯ ಯಜಮಾನ ಕರಿಬಸವಯ್ಯನವರೂ ಸರದಿಯಲ್ಲಿ ಬಂದು ನಿಂತರು. ಬರಡು ಎಂದು ಕಡಿಸಬೇಕೆಂದಿದ್ದ ಅವರ ತೆಂಗಿನ ಮರ ಆ ನೀರು ಕುಡಿದು ಹೊಂಬಾಳೆ ಬಿಟ್ಟಿತ್ತು.

“ನಿಲ್ಲಿಸ್ಬೇಡ ಕಣಮ್ಮ” ಎಂದರು ಗೇಟಿನ ಹತ್ತಿರ ನಿಂತು. “ಮೀನಿರೋ ತನಕ ಬಾಡಿಗೆ ಏರ್ಸಲ್ಲ ಅಂತ ನಿಮ್ಮಾವನ್ಗೂ ಹೇಳಿದೀನಿ.”

ಅಡವಿಯಪ್ಪನವರ ಬಿ.ಪಿ. ಕೂಡ ಇಳಿದಿತ್ತು. ದಿನಾ ಒಂದು ಗಂಟೆ ಮೀನು ನೋಡಿ ಅಂತ ಡಾಕ್ಟರೇ ಹೇಳಿದರಂತೆ. ಮಗನ ಕೆಲಸ, ಅಪ್ಪನ ಬಿ.ಪಿ., ಮನೆಯ ಬಾಡಿಗೆ, ಯಜಮಾನರ ತೆಂಗು, ಎಲ್ಲವೂ ಈಗ ಅನುಪಮಾಳ ಹೆಬ್ಬೆರಳಿನ ಮೇಲೆ ನಿಂತಿದ್ದವು. ಒಂದು ಹನಿ ಚೆಲ್ಲದೆ ಮಾಡುತ್ತಾಳೆ ನಮ್ಮ ಸೊಸೆ ಎಂದು ಸರ್ವಮಂಗಳಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಮಾರ್ಚಿನ ಒಂದು ಭಾನುವಾರ ಗುಬ್ಬಿ ಶಾಲೆಯವರು ಇಂಟರ್‌ವ್ಯೂಗೆ ಕರೆದರು. ಆಡಳಿತ ಮಂಡಳಿಯವರಿಗೆ ಬಿಡುವಿದ್ದದ್ದು ಭಾನುವಾರವೇ. ಅನುಪಮಾ ಹಟ ಹಿಡಿದು ಹೊರಟಳು.

“ಸುಮ್ನೆ ಇಂಟರ್‌ವ್ಯೂ ಅಷ್ಟೆ ರೀ. ಮಧ್ಯಾಹ್ನಕ್ಕೆಲ್ಲ ಬರ್ತೀನಿ. ಬಂದ್ಮೇಲೆ ನಾನೇ ನೀರು ಬದಲಾಯ್ಸ್ತೀನಿ. ಯಾರೂ ಮುಟ್ಬೇಡಿ.”

“ನಮ್ಗೇನ್ ಕೈ ಇಲ್ವಾ? ನಾನ್ ಮಾಡ್ತೀನಿ ಹೋಗು” ಎಂದ ಚನ್ನೇಶ, ದೊಡ್ಡ ಮನಸ್ಸು ಮಾಡಿ.

ಇಂಟರ್‌ವ್ಯೂ ಚೆನ್ನಾಗಿಯೇ ಆಯಿತು. ಕಪ್ಪುಹಲಗೆಯ ಮೇಲೆ ಅ, ಆ ಬರೆದು ಪಾಠ ಮಾಡಿ ತೋರಿಸಿ ಎಂದರು. ಸೀಮೆಸುಣ್ಣ ಹಿಡಿದ ಕೂಡಲೇ ಅವಳಿಗೆ ಮೂರು ವರ್ಷದ ಮರೆವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಯಶಸ್ವಿನಿ ಬಸ್ ಸ್ಟ್ಯಾಂಡಿನವರೆಗೆ ಬಂದು ಬೀಳ್ಕೊಟ್ಟಳು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಗುಬ್ಬಿಯಿಂದ ತುಮಕೂರಿನವರೆಗೆ ಅನುಪಮಾ ನಗುತ್ತಲೇ ಬಂದಳು.

ಮೆಟ್ಟಿಲ ಮೇಲೆ ನೀರು ಇಳಿಯುತ್ತಿತ್ತು. ಚನ್ನೇಶ ಪೈಪು ಬಕೆಟ್ಟಿಗೆ ಬಿಟ್ಟು ಕ್ರಿಕೆಟ್ಟಿನ ಒಂದು ಓವರ್ ನೋಡಿ ಬರೋಣ ಎಂದು ಕೂತಿದ್ದ. ಓವರು ಹತ್ತಾಯಿತು. ಬಕೆಟ್ಟು ತುಂಬಿ, ನೆಲ ತುಂಬಿ, ಮೀನಿನ ನೀರು ದೇವರಮನೆಯ ಹೊಸಿಲು ದಾಟಿ ಅಡವಿಯಪ್ಪ ಪೂಜೆಗೆ ಕೂರುವ ಮಣೆಯನ್ನು ಮುಟ್ಟಿತ್ತು. ಸರ್ವಮಂಗಳಮ್ಮ ಮನೆಯನ್ನೆಲ್ಲ ತೊಳೆದು ಗೋಮೂತ್ರ ಚಿಮುಕಿಸಿದ್ದರು. ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಹಬ್ಬಕ್ಕೆ ಮುಂಚೆ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿ ಉಜ್ಜುವ ಕೈ ಅದು, ಟ್ಯಾಂಕನ್ನೇಕೆ ಬಿಟ್ಟೀತು? ಇಷ್ಟೆಲ್ಲ ರಂಪಕ್ಕೆ ಮೂಲವಾದ ತೊಟ್ಟಿಯೇ ಶುದ್ಧವಾಗಲಿ ಎಂದು ಮೀನುಗಳನ್ನು ಬಕೆಟ್ಟಿಗೆ ಹಾಕಿಸಿ, ತೊಟ್ಟಿ, ಕಲ್ಲು, ಮೋಟರು ಎಲ್ಲವನ್ನೂ ಸೀಗೆಪುಡಿ, ಸೋಡಾ ಹಾಕಿ ತಿಕ್ಕಿಸಿ, ಆಗ ತಾನೇ ಬೋರ್‌ವೆಲ್ಲಿನಿಂದ ತಂದ ನೀರು ತುಂಬಿಸಿದ್ದರು. ಗಾಜು ಫಳಫಳ ಹೊಳೆಯುತ್ತಿತ್ತು. ಒಂದು ಬಿಳಿ, ಒಂದು ಕಿತ್ತಳೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಅನುಪಮಾ ಹೊಸಿಲಲ್ಲೇ ನಿಂತಳು.

“ಪೂರ್ತಿ ತೊಳೀಬಾರ್ದು ಅತ್ತೆ. ಕಾಲು ಭಾಗ ಅಷ್ಟೇ ಅಂತ ಅವ್ರೇ ಹೇಳಿದ್ರಲ್ಲ?”

“ಓಹೋ, ತಪ್ಪು ನಂದಾ ಈಗ? ಮನೆ ಬಿಟ್ಟು ಊರು ಸುತ್ತಕ್ಕೆ ಹೋದೋಳು ನೀನು, ಮಾತು ಕೇಳ್ಬೇಕಾದೋಳು ನಾನಾ?”

“ಇಂಟರ್‌ವ್ಯೂಗೆ ಹೋಗಿದ್ದೆ, ಊರು ಸುತ್ತಕ್ಕಲ್ಲ.”

“ಸಾಹೇಬ್ರು ನಾಳೇನೇ ಬಂದ್ರೆ?” ಚನ್ನೇಶನ ಮುಖದಲ್ಲಿ ರಕ್ತವಿರಲಿಲ್ಲ. “ಏಳು ಇದ್ವು, ಐದಾಗೈತೆ. ಏನಂತ ಹೇಳ್ಲಿ? ನಾಲ್ಕು ವರ್ಷ ಕಣೇ, ನಾಲ್ಕು ವರ್ಷ ಕಾದಿದೀನಿ. ಅವ್ರು ಬರೋ ತನಕ ನೀನು ಇನ್ ಮನೆ ಬಿಟ್ಟು ಕದಲಬೇಡ. ಇದೊಂದು ಕೇಳು ನನ್ ಮಾತು.”

ಟಿ.ವಿ. ಹಾಕಿಕೊಂಡು ಕೂತವರು ನೀವಲ್ಲವೇ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನ ಕಣ್ಣಲ್ಲಿ ನೀರು ಕಂಡು ಸುಮ್ಮನಾದಳು. ಅವನೂ ಸಿಕ್ಕಿಬಿದ್ದವನೇ ಎಂದು ಆಗ ಅನ್ನಿಸಿತು, ಮರುಕವೂ ಆಯಿತು. ಆ ಮರುಕಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಸೀರೆ ಬದಲಿಸಿ ನೆಲ ಒರೆಸಲು ಕೂತಳು. ಸಂಜೆ ಅದೇ ಬಣ್ಣದ ಎರಡು ಮೀನುಗಳನ್ನು ಪೇಟೆಯಿಂದ ತಂದದ್ದಾಯಿತು. ಅವು ಸ್ವಲ್ಪ ಸಣ್ಣವು. ಸಾಹೇಬರು ಗುರುತು ಹಿಡಿದರೆ ಎಂಬ ಭಯದಲ್ಲಿ ಚನ್ನೇಶ ಅವಕ್ಕೆ ಕಾಳು ಒಂದು ಹಿಡಿ ಜಾಸ್ತಿ ಹಾಕುತ್ತಿದ್ದ, ಅನುಪಮಾ ಅದನ್ನು ಚಮಚದಲ್ಲಿ ತೆಗೆದು ಹಾಕುತ್ತಿದ್ದಳು.

ಏಪ್ರಿಲ್ ಹೋಯಿತು, ಮೇ ಬಂತು. ಹಾಲು ತರಲು, ತರಕಾರಿಗೆ ಬಿಟ್ಟರೆ ಅವಳು ಗೇಟು ದಾಟಲಿಲ್ಲ. ಮೇ ಎರಡನೆಯ ವಾರ ಶಾಲೆಯಿಂದ ಕಾಗದ ಬಂತು. ಜೂನ್ ಎರಡು, ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ ಬಂದು ಸೇರಿಕೊಳ್ಳುವುದು; ತಪ್ಪಿದರೆ ಬೇರೆಯವರನ್ನು ತೆಗೆದುಕೊಳ್ಳಲಾಗುವುದು. ಆ ಕಾಗದವನ್ನು ಅವಳು ದಿನಕ್ಕೊಂದು ಸಲ ಓದಿ ಮತ್ತೆ ಮದುವೆ ಸೀರೆಯ ಕೆಳಗೇ ಇಡುತ್ತಿದ್ದಳು.

ದೇವರು ದೊಡ್ಡವನು ಎನ್ನಬೇಕು, ಮೇ ಕೊನೆಗೆ ರಂಗನಾಥ್ ಸಾಹೇಬರದ್ದೇ ಫೋನ್ ಬಂತು. ತುಮಕೂರಿಗೆ ಒಂದು ಮದುವೆಗೆ ಬರುತ್ತಿದ್ದಾರೆ, ಜೂನ್ ಒಂದು, ಭಾನುವಾರ ಮಧ್ಯಾಹ್ನ ಮನೆಗೂ ಬಂದು ಹೋಗುತ್ತಾರೆ. ಅನುಪಮಾಳ ಎದೆ ಹಗುರಾಯಿತು. ಭಾನುವಾರ ಟ್ಯಾಂಕು ಹೋಗುತ್ತದೆ, ಸೋಮವಾರ ತಾನು ಹೋಗುತ್ತೇನೆ. ತಿಳಿಹಸಿರು ಕಾಟನ್ ಸೀರೆಗೆ ಗಂಜಿ ಹಾಕಿದಳು. ಲಗೇಜ್ ಆಟೊದವನಿಗೂ ತಾನೇ ಹೇಳಿಟ್ಟಳು.

ಭಾನುವಾರ ಮನೆಯಲ್ಲಿ ಒಬ್ಬಟ್ಟು. ಮಡಿಯಲ್ಲಿ ಅಡುಗೆ ನಡೆಯುವಾಗ ಮೀನಿನ ನೀರು ಬೇಡವೆಂದು ಸರ್ವಮಂಗಳಮ್ಮ ಆ ವಾರದ ನೀರು ಬದಲಾಯಿಸುವುದನ್ನು ತಡೆದರು. ಹೇಗೂ ತೊಟ್ಟಿ ಖಾಲಿ ಮಾಡಿಯೇ ಸಾಗಿಸಬೇಕಲ್ಲ ಎಂದು ಅನುಪಮಾಳೂ ಒಪ್ಪಿದಳು. ಎರಡು ಗಂಟೆಗೆ ಸಾಹೇಬರು ಬಂದರು. ಒಳಗೆ ಕಾಲಿಟ್ಟವರು ಟ್ಯಾಂಕು ನೋಡಿ ಹುಬ್ಬೇರಿಸಿದರು.

“ಅರೆ! ಇವಿನ್ನೂ ಬದುಕಿವೆಯೇನ್ರಿ ಚನ್ನೇಶ್? ನಾನು ಒಂದು ತಿಂಗಳಲ್ಲೇ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಂಡಿರ್ತೀರಿ ಅಂದ್ಕೊಂಡಿದ್ದೆ.”

“ಎಲ್ಲಾದ್ರೂ ಉಂಟಾ ಸಾರ್. ನೀವು ಕೊಟ್ಟ ಹಾಗೇ ಏಳೂ ಇದಾವೆ.”

“ಏಳಾ? ನಾನು ನಾಲ್ಕೋ ಐದೋ ಅಂದ್ಕೊಂಡಿದ್ದೆ.” ಸಾಹೇಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡರು.

ಚನ್ನೇಶ ಕೈ ಹೊಸೆದ. “ಸಾರ್, ಆ ಪರ್ಮನೆಂಟ್ ವಿಷ್ಯ...”

“ಅಯ್ಯೋ, ನಿಮಗೆ ಗೊತ್ತಾಗ್ಲಿಲ್ವಾ? ನಾನು ಆ ಕಂಪ್ನಿ ಬಿಟ್ಟು ಎರಡು ತಿಂಗಳಾಯ್ತಲ್ರಿ. ಈಗ ಬೆಂಗಳೂರು, ಫ್ಲ್ಯಾಟು. ಅಲ್ಲಿ ಇದನ್ನೆಲ್ಲಿ ಇಟ್ಕೊಳ್ಳಲಿ? ನಿಮ್ಮನೇಲೇ ಇರಲಿ ಬಿಡಿ. ಎಷ್ಟು ನೀಟಾಗಿ ಇಟ್ಟಿದೀರಿ!”

ಎಲೆ ಎತ್ತುತ್ತಿದ್ದ ಅನುಪಮಾಳ ಕೈ ನಿಂತಿತು. ಆರು ತಿಂಗಳು. ಕುಣಿಗಲ್ಲಿನ ಗೃಹಪ್ರವೇಶ, ಗೇಟು ದಾಟದ ಎರಡು ತಿಂಗಳು, ಮೆಟ್ಟಿಲಿಳಿಸಿದ ಅಷ್ಟೊಂದು ಬಕೆಟ್ಟು, ಎಲ್ಲವನ್ನೂ ಎಣಿಕೆ ಗೊತ್ತಿಲ್ಲದ ಮನುಷ್ಯನ ಮೀನಿಗಾಗಿ ಕಳೆದಿದ್ದಳು.

ಸಾಹೇಬರ ಕಾರು ತಿರುವು ದಾಟಿತು. ಚನ್ನೇಶ ಸೋಫಾದಲ್ಲಿ ಕುಸಿದಿದ್ದ. ಅನುಪಮಾ ಹೇಳಿದಳು:

“ಲಗೇಜ್ ಆಟೊ ಬರುತ್ತೆ. ಯಾರಿಗಾದ್ರೂ ಕೊಟ್ಬಿಡೋಣ.”

“ಯಾಕವ್ವ?” ಅಡವಿಯಪ್ಪ ಕುರ್ಚಿಯಿಂದ ಬೆನ್ನೆತ್ತಿ ಕೂತರು. “ನನ್ ಬಿ.ಪಿ.?”

“ಕರಿಬಸವಯ್ಯನೋರು ಬಾಡಿಗೆ ಏರ್ಸಲ್ಲ ಅಂತ ಮಾತು ಕೊಟ್ಟವ್ರೆ” ಎಂದರು ಸರ್ವಮಂಗಳಮ್ಮ.

“ಇರ್ಲಿ ಬಿಡು ಅನು” ಎಂದ ಚನ್ನೇಶ, ಸೋತ ದನಿಯಲ್ಲಿ. “ಅದೊಂದಾದ್ರೂ ನಮ್ದೂಂತ ಉಳಕೊಳ್ಳಲಿ.”

“ಸಾಹೇಬ್ರು ಬರೋ ತನಕ ಅಂದಿದ್ರಿ. ಬಂದು ಹೋದ್ರು. ನಾಳೆ ನಾನು ಸೇರ್ಬೇಕು.”

“ಟ್ಯಾಂಕು ಹೋದ್ಮೇಲೆ ಅಂದಿದ್ದು ಕಣವ್ವ” ಸರ್ವಮಂಗಳಮ್ಮ ಸಮಾಧಾನವಾಗಿಯೇ ತಿದ್ದಿದರು. “ಎಲ್ಲಿ ಹೋಯ್ತು? ಇಲ್ಲೇ ಐತಲ್ಲ. ನಾಳೆ ಬೆಳಿಗ್ಗೆ ನೀರು ಬದಲಾಯ್ಸು, ಗಬ್ಬು ಬರ್ತೈತೆ.”

“ಆಯ್ತು ಅತ್ತೆ, ಬೆಳಿಗ್ಗೆ ಬದಲಾಯ್ಸೋಣ” ಎಂದಳು ಅನುಪಮಾ.

ಸೋಮವಾರ ಅವಳು ಬೇಗ ಎದ್ದು ಉಪ್ಪಿಟ್ಟು ಮಾಡಿ ಮುಚ್ಚಿಟ್ಟು, ಸ್ನಾನ ಮುಗಿಸಿ, ಗಂಜಿ ಹಾಕಿದ ಹಸಿರು ಸೀರೆ ಉಟ್ಟಳು. ಅಡವಿಯಪ್ಪ ದೇವರಮನೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದರು. ಸರ್ವಮಂಗಳಮ್ಮ ಒದ್ದೆ ತಲೆಗೆ ಟವೆಲ್ ಸುತ್ತಿ, ಮಡಿಯುಟ್ಟು ಅವರಿಗೆ ನೈವೇದ್ಯಕ್ಕೆ ಅಣಿ ಮಾಡುತ್ತಿದ್ದರು.

“ಮೀನಿನ್ ನೀರು ತೆಗೆಯಕ್ಕೆ ಇಸ್ತ್ರಿ ಸೀರೆನಾ?” ಎಂದು ಅಲ್ಲಿಂದಲೇ ಕೇಳಿದರು.

“ಹೂಂ ಅತ್ತೆ.”

ಗೋಣಿಚೀಲ ಹಾಸಿದಳು, ಪ್ಲಗ್ಗು ಕಿತ್ತಳು, ಪೈಪು ಮುಳುಗಿಸಿದಳು. ಮೊದಲನೆಯ ಬಕೆಟ್ಟು ಮುಕ್ಕಾಲಾಯಿತು. ಹೆಬ್ಬೆರಳು ಒತ್ತಿಕೊಂಡೇ ಗಂಡನನ್ನು ಕರೆದಳು. ಅವನಿಗೆ ಆ ವಾರ ಸೆಕೆಂಡ್ ಶಿಫ್ಟು, ಪೇಪರ್ ಓದುತ್ತಿದ್ದ.

“ರೀ, ಬನ್ನಿ ಇಲ್ಲಿ. ಇದನ್ನ ಹಿಡ್ಕೊಳ್ಳಿ. ಹೆಬ್ಬೆಟ್ಟು ಇಲ್ಲಿಡಿ, ಗಟ್ಟಿಯಾಗಿ.”

ಅವನು ಬಂದು ಇಟ್ಟ. ಅವಳು ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದಳು. ಬ್ಯಾಗು ತೆಗೆದುಕೊಂಡಳು. ಕಾಗದ ಅದರೊಳಗೆ ಇದೆಯೇ ಎಂದು ನೋಡಿ ಚಪ್ಪಲಿ ಮೆಟ್ಟಿದಳು.

“ಎಲ್ಲಿಗೇ?”

“ಗುಬ್ಬಿಗೆ. ಎಂಟು ಗಂಟೆ ಬಸ್ಸಿದೆ.”

“ಮತ್ತೆ ಇದು?”

“ಇನ್ನೂ ಮೂರು ಬಕೆಟ್ ತೆಗೀಬೇಕು. ಖಾಲಿ ಬಕೆಟ್ ಬಾಲ್ಕನೀಲಿದೆ. ಗೆರೆಗೆ ಬಂದ್ಮೇಲೆ ಟ್ಯಾಂಕಲ್ಲಿರೋ ತುದೀನ ಎತ್ತಿಬಿಡಿ, ನಿಲ್ಲುತ್ತೆ. ಹೊಸ ನೀರು ತೂತಿನ ತಟ್ಟೆ ಮೇಲೆ ಮೆಲ್ಲಗೆ ಸುರೀರಿ.”

“ಅನೂ, ಇದನ್ನ ಬಿಟ್ರೆ ಮನೆಯೆಲ್ಲಾ ನೀರಾಗುತ್ತೆ ಕಣೇ!”

“ಅದಕ್ಕೇ, ಬಿಡಬೇಡಿ.”

ಎತ್ತಿದರೆ ನಿಲ್ಲುತ್ತದೆ ಎಂದು ಹೆಂಡತಿ ಹೇಳಿದ್ದು ಚನ್ನೇಶನ ಕಿವಿಗೆ ಬಿದ್ದಿತ್ತು; ಹೆಬ್ಬೆಟ್ಟಿಗೆ ಮಾತ್ರ ಅದರಲ್ಲಿ ನಂಬಿಕೆ ಇರಲಿಲ್ಲ. ಅವನು ಸೊಂಟ ಬಗ್ಗಿಸಿಕೊಂಡು, ಅಲುಗಾಡದೆ ನಿಂತಲ್ಲೇ ಕೂಗಿಕೊಂಡ.

“ಅಮ್ಮಾ, ಬಕೆಟ್ ಕೊಡಮ್ಮ!”

“ಮಡೀಲಿದೀನಿ ಕಣೋ, ಅದನ್ನ ಹೆಂಗ್ ಮುಟ್ಲಿ?”

“ಅಪ್ಪಾ!”

ದೇವರಮನೆಯಿಂದ ಉತ್ತರವಾಗಿ ಮಂತ್ರ ಸ್ವಲ್ಪ ಜೋರಾಯಿತು. ಕೈಯಲ್ಲಿ ಲಿಂಗ ಹಿಡಿದವರು ಪೂಜೆ ಮುಗಿಯದೆ ಏಳುವಂತಿರಲಿಲ್ಲ. ಅನುಪಮಾ ಮೆಟ್ಟಿಲಿಳಿದಳು. “ಅನೂ, ಲೇ ಅನೂ” ಎಂದು ಮೇಲಿನಿಂದ ಕೂಗು ಬರುತ್ತಲೇ ಇತ್ತು. ಹೆಜ್ಜೆಯ ಸದ್ದು ಮಾತ್ರ ಬರಲಿಲ್ಲ.

ಗೇಟಿನಲ್ಲಿ ಕರಿಬಸವಯ್ಯನವರು ತೆಂಗಿನ ಪಾತಿ ಕೆದಕುತ್ತಾ ನಿಂತಿದ್ದರು.

“ಏನಮ್ಮ, ಇವತ್ತು ಮರಕ್ಕೆ ನೀರಿಲ್ವಾ?”

“ಬರುತ್ತೆ ಅಂಕಲ್. ಮೆಟ್ಟಿಲ ಮೇಲಿಂದ ತಾನೇ ಇಳಿದು ಬಂದ್ರೂ ಬರಬಹುದು.”

ಬಸ್ಸು ತುಂಬಿತ್ತು. ಕಂಡಕ್ಟರು ಎಲ್ಲಿಗಮ್ಮ ಎಂದು ಕೇಳಿದಾಗ ಗುಬ್ಬಿ ಎಂದು ಹೇಳಿ ಟಿಕೆಟ್ಟು ತೆಗೆದುಕೊಂಡಳು. ಸಂಜೆ ಇದೇ ದಾರಿಯಲ್ಲಿ ವಾಪಸ್ಸು ಬರಬೇಕು, ಅದೇ ಮೆಟ್ಟಿಲು ಹತ್ತಬೇಕು. ನೆಲ ಒಣಗಿದ್ದರೂ ಮೂವರ ಮುಖ ಊದಿರುತ್ತದೆ, ಬಾಗಿಲಲ್ಲೇ ಜಗಳ ಕಾದಿರುತ್ತದೆ. ಹೆದರಿಕೆ ಆಗದೆ ಇರಲಿಲ್ಲ. ಆದರೆ ಅದು ಸಂಜೆ ಐದು ಗಂಟೆಯ ಮಾತು. ಈಗಿನ್ನೂ ಎಂಟೂ ಹತ್ತು.